ಐಸ್‌ಲ್ಯಾಂಡ್ ದಾಟಿದ ರಾತ್ರಿ

ಸಿದ್ದಾಪುರ
ಶುಕ್ರವಾರ ರಾತ್ರಿ

ಪ್ರೀತಿಯ ತಂಗಿ,

ಫೋನಿನಲ್ಲಿ ನಾನು ‘ಹೂಂ’, ‘ಸರಿ’, ‘ಆಯಿಗೆ ಕೊಡ್ತಿ’ ಅನ್ನುವಷ್ಟರಲ್ಲೇ ಮುಗಿಸುತ್ತೇನೆ ಎಂದು ಬೈಯುತ್ತೀಯಲ್ಲ, ಅದಕ್ಕೇ ಈ ಕಾಗದ.

ವಾಪಸ್ ಹೋಗುತ್ತ ನೀವು ಐಸ್‌ಲ್ಯಾಂಡ್ ದಾಟುವಾಗ ಇಲ್ಲಿ ರಾತ್ರಿ ಒಂಬತ್ತೂವರೆ. ಊಟ ಮುಗಿಸಿ ಆಯಿ ಕವಳ ಹಾಕುತ್ತ ಕೂತಿದ್ದಳು. ನನ್ನ ಫೋನಿನ ನಕಾಶೆಯಲ್ಲಿ ಪುಟ್ಟ ಹಳದಿ ವಿಮಾನ ಇಷ್ಟಿಷ್ಟೇ ಸರಿಯುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಒಂದೇ ಪ್ರಶ್ನೆ: “ಕೂಸು ಈಗ ಎಲ್ಲಿದ್ದು?”

“ಐಸ್‌ಲ್ಯಾಂಡ್ ಮೇಲಿದ್ದು.”

“ಅಲ್ಲಿ ತೋಟ ಇದ್ದಾ?”

ತೋಟ ಎಲ್ಲಿಂದ ಬರಬೇಕು, ಅಲ್ಲಿ ಕಾಡೇ ಅಪರೂಪ, ಇಡೀ ದೇಶದ ಜನ ಸೇರಿದರೂ ನಾಲ್ಕು ಲಕ್ಷ, ನಮ್ಮ ಜಿಲ್ಲೆಯ ಮೂರರಲ್ಲಿ ಒಂದು ಪಾಲೂ ಆಗುವುದಿಲ್ಲ ಅಂದೆ. “ಹಂಗಾರೆ ಅಲ್ಲಿಂದ ಎಂತಕ್ಕೆ ಹೋಪದು?” ಅಂದಳು. ಫ್ರಾಂಕ್‌ಫರ್ಟಿನಿಂದ ಸಿಯಾಟಲ್ ಪಶ್ಚಿಮಕ್ಕಿದೆ, ವಿಮಾನ ಮಾತ್ರ ಉತ್ತರಕ್ಕೆ ಏರುತ್ತಿದೆ. ಅವಳ ಅನುಮಾನ ಸರಿಯೇ. ಕೊನೆಗೆ ಒಳಗಿಂದ ಒಂದು ತೆಂಗಿನಕಾಯಿ ತಂದೆ. ಅತ್ತಿಗೆಯ ಹೂ ಕಟ್ಟುವ ದಾರ ಹಿಡಿದು ಕಾಯಿಯ ಈ ಬದಿಗೊಂದು, ಆ ಬದಿಗೊಂದು ತುದಿ ಒತ್ತಿ ಬಿಗಿಯಾಗಿ ಎಳೆದೆ. ದಾರ ನಡುವಿನಲ್ಲಿ ನಿಲ್ಲದೆ ಜುಟ್ಟಿನ ಕಡೆಗೆ ಜಾರಿತು. ದುಂಡಗಿನ ಭೂಮಿಯ ಮೇಲೆ ಹತ್ತಿರದ ದಾರಿ ಹೀಗೆ ಮೇಲೆ ಹತ್ತಿ ಇಳಿಯುತ್ತದೆ ಎಂದು ತೋರಿಸಿದೆ. ಆಯಿ ಒಪ್ಪಿಕೊಂಡಳು. ಮರುದಿನ ಅದೇ ಕಾಯಿ ತಂಬುಳಿಗೆ ಹೋಯಿತು.

ನಿನಗೆ ಹೇಳದೆ ಉಳಿದದ್ದೊಂದು ಇದೆ. ಹೊರಡಲು ನಾಲ್ಕು ದಿನ ಇರುವಾಗ ನೀನು ಪಟ್ಟಿ ಮಾಡಿದೆಯಲ್ಲ, ಉಂಚಳ್ಳಿ, ಶಿರಸಿ, ಯಲ್ಲಾಪುರ ಎಂದು, ಆಗ ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. ಅದು ಅಡಿಕೆ ಕೊನೆ ಕೊಯ್ಲಿನ ದಿನ. ಮರ ಹತ್ತುವ ಕೊನೆಗೌಡ ಸಿಕ್ಕ ದಿನವೇ ನಮಗೆ ಮುಹೂರ್ತ. ಅಂಗಳದಲ್ಲಿ ಕೊನೆ ರಾಶಿ ಬಿದ್ದಿರುವಾಗ ನಾನು ಉಂಚಳ್ಳಿ ಫಾಲ್ಸ್ ತೋರಿಸಲು ಕಾರು ಹೊಡೆಯಬೇಕಿತ್ತು. ಹೆಗ್ಗರಣಿವರೆಗೂ ನಾನು ಮಾತಾಡಲಿಲ್ಲ. ನಿನಗೆ ಗೊತ್ತಾಗಿತ್ತು, ನೀನೂ ಕೇಳಲಿಲ್ಲ.

ಮೆಟ್ಟಿಲು ಇಳಿಯುವಾಗ ನಿನ್ನ ಪುಟ್ಟಿ ನನ್ನ ಕೈ ಹಿಡಿದಳು. 116 ಮೀಟರ್ ಎತ್ತರದಿಂದ ಅಘನಾಶಿನಿ ಬೀಳುತ್ತಿತ್ತು. ಲಷಿಂಗ್ಟನ್ ಎಂಬ ಬ್ರಿಟಿಷ್ ಅಧಿಕಾರಿ 1845ರಲ್ಲಿ ಇದನ್ನು ಕಂಡುಹಿಡಿದ ಎಂದು ನೀನು ಅವಳಿಗೆ ಹೇಳಿದೆ. “ಅದಕ್ಕೂ ಮೊದಲು ಯಾರಿಗೂ ಕೇಳಿಸ್ತಿರ್ಲಿಲ್ವಾ?” ಅಂದಳು ಅವಳು. ಎಂಥಾ ಪ್ರಶ್ನೆ ನೋಡು! ಕೇಳಿಸಿಯೇ ಇಲ್ಲಿನವರು ಇದಕ್ಕೆ ಕೆಪ್ಪಜೋಗ ಎಂದು ಹೆಸರಿಟ್ಟದ್ದು ಅಂದೆ. ಆಮೇಲೆ ಅವಳು ಹತ್ತು ಸಲ ನನ್ನ ಕಿವಿ ಹತ್ತಿರ ಕೂಗಿ, ನಾನು ಕೆಪ್ಪನೋ ಅಲ್ಲವೋ ಎಂದು ಪರೀಕ್ಷೆ ಮಾಡಿದಳು. ಅಷ್ಟರಲ್ಲಿ ನನ್ನ ಸಿಟ್ಟು ಇಳಿದಿತ್ತು. ನಾನು ಅಲ್ಲಿಗೆ ಹೋಗಿ ಎಷ್ಟು ವರ್ಷವಾಗಿತ್ತು ಎಂದು ಲೆಕ್ಕ ಹಾಕಿದೆ. ನಿನ್ನ ಮದುವೆಯಾದ ವರ್ಷ ಭಾವನನ್ನು ಕರೆದುಕೊಂಡು ಹೋದದ್ದೇ ಕೊನೆ.

ಮರುದಿನ ಶಿರಸಿಯಲ್ಲಿ ಮಾರಿಕಾಂಬೆಗೆ ಕೈಮುಗಿದು ಶಂಕರಹೊಂಡಕ್ಕೆ ಹೋದೆವಲ್ಲ, ನಿನ್ನೆ ಕಿವಿ ಕೆಪ್ಪಾಗಿಸಿದ ಹೊಳೆ ಹುಟ್ಟುವುದು ಇಲ್ಲೇ ಅಂದರೆ ಪುಟ್ಟಿ ನಂಬಲೇ ಇಲ್ಲ. “ಇಷ್ಟೇನಾ?” ಅಂದಳು. ಜಾತ್ರೆಗೆ ಬಂದಿದ್ದರೆ ತೇರನ್ನು ನೋಡಿ ಹಾಗೆ ಅನ್ನುತ್ತಿರಲಿಲ್ಲ. ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದೂ ಚಳಿ ಮುಗಿಯುವ ಹೊತ್ತಿಗೆ. ನಿಮ್ಮ ರಜೆ ಡಿಸೆಂಬರಿನಲ್ಲಿ. ಇವೆರಡೂ ಯಾವತ್ತು ಕೂಡಿಬರುತ್ತವೋ.

ಆ ರಾತ್ರಿ ಅಡಿಕೆ ಸುಲಿಯಲು ಕೂತೆವು. ನೀನು ಮೆಟಗತ್ತಿ ಎಳೆದುಕೊಂಡು ಕೂತಾಗ ನಾನು ತಡೆಯಬೇಕು ಅಂದುಕೊಂಡೆ. ಮೊದಲ ಹತ್ತು ಕಾಯಿಗೆ ನಿನ್ನ ಕೈ ತಡವರಿಸಿತು, ಒಂದೆರಡು ಅಡಿಕೆ ಸಿಪ್ಪೆಯ ಜೊತೆಗೇ ಹಾರಿದವು. ಹೆಬ್ಬೆರಳಿಗೆ ಕತ್ತಿ ತಾಗಿತು. ಅರಿಶಿನ ಹಚ್ಚಿಕೊಂಡು ಮತ್ತೆ ಕೂತೆ. ಆಮೇಲೆ ಏನಾಯಿತೋ, ಕೈಗೆ ಹಳೆಯದೆಲ್ಲ ನೆನಪಾಯಿತು. ಕಾಯಿ ಒತ್ತಿ, ತಿರುಗಿಸಿ, ಸಿಪ್ಪೆ ಆ ಕಡೆ, ಅಡಿಕೆ ಬುಟ್ಟಿಗೆ. ಆಯಿ ತಲೆ ಎತ್ತಿ ನಿನ್ನನ್ನು ಒಮ್ಮೆ ನೋಡಿದಳು, ಮತ್ತೆ ತನ್ನ ಕೆಲಸಕ್ಕೆ ಬಗ್ಗಿದಳು. ಹನ್ನೊಂದು ಗಂಟೆವರೆಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಮೂರು ವಾರದ ರಜೆಯಲ್ಲಿ ನೀನು ನೆಂಟಳಾಗಿರದ ರಾತ್ರಿ ಅದೊಂದೇ ಅನ್ನಿಸಿತು ನನಗೆ. ಪುಟ್ಟಿಯ ಬೆರಳಿನ ಚೊಗರು ಇನ್ನೂ ಹೋಗಿಲ್ಲವಂತೆ, ಶಾಲೆಯಲ್ಲಿ ಟೀಚರು ಕೇಳಿದರಂತೆ. ಹೋಗುವುದಿಲ್ಲ, ವಾರವಾದರೂ ಬೇಕು.

ಯಲ್ಲಾಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದ ಕೊನೆಯ ಸಂಜೆ ಜೇನುಕಲ್ಲು ಗುಡ್ಡಕ್ಕೆ ಹೋದೆವು. ಬೇಡ್ತಿಯ ಕಣಿವೆ ಕೆಳಗೆ ಮಬ್ಬಾಗುತ್ತಿತ್ತು. ಸೂರ್ಯ ಬೆಟ್ಟಕ್ಕೆ ತಾಗಿದ್ದೇ ತಡ, ಪುಟ್ಟಿ ಫೋಟೊ ತೆಗೆಯುವಷ್ಟರಲ್ಲಿ ಮುಳುಗಿಯೇ ಬಿಟ್ಟ. ಅವಳು ಮುಖ ಊದಿಸಿಕೊಂಡಳು. ಅವಳು ನಿನ್ನೆ ಕಳಿಸಿದ ಧ್ವನಿ ಸಂದೇಶ ಕೇಳಿದೆ: ಐಸ್‌ಲ್ಯಾಂಡ್ ಹತ್ತಿರ ಕಿಟಕಿಯಲ್ಲಿ ಸೂರ್ಯ ಗಂಟೆಗಟ್ಟಲೆ ಮುಳುಗಲೇ ಇಲ್ಲವಂತೆ. ಅಷ್ಟು ಉತ್ತರದಲ್ಲಿ ಭೂಮಿಯ ಸುತ್ತು ಸಣ್ಣದು, ಪಡುವಲಿಗೆ ಹೋಗುವ ವಿಮಾನ ಸೂರ್ಯನ ಬೆನ್ನು ಬಿಡುವುದಿಲ್ಲ ಎಂದು ಅವಳಿಗೆ ಹೇಳು. ಜೇನುಕಲ್ಲಿನ ಬಾಕಿ ಅಲ್ಲಿ ತೀರಿತು ಅಂತಲೂ ಹೇಳು.

ಹುಬ್ಬಳ್ಳಿಯಲ್ಲಿ ಗಾಜಿನ ಬಾಗಿಲಿನ ಹೊರಗೆ ನೀನು “ಬೇಜಾರಾ ಅಣ್ಣ?” ಅಂದೆ. ನಾನು ಗಾಡಿಯ ಚಕ್ರ ಸರಿಮಾಡುತ್ತಿದ್ದೆ. ಚಕ್ರ ಸರಿಯಾಗೇ ಇತ್ತು.

ಮತ್ತೊಂದು ಸಮಾಚಾರ. ಅಡಿಕೆ ತೂಗುವ ಕಾಟಾದ ಮೇಲೆ ನಿನ್ನ ಪೆಟ್ಟಿಗೆಗಳನ್ನು ತೂಗಿದೆವಲ್ಲ, ಒಂದರಲ್ಲಿ 24 ಕೆ.ಜಿ. ಬಂದು, 23ರೊಳಗೆ ಬರಲಿ ಎಂದು ಅಪ್ಪೆಮಿಡಿಯ ಡಬ್ಬಿ ಒಳಗೇ ಬಿಟ್ಟು ನೀನು ನಿನ್ನ ನೀಲಿ ಜಾಕೆಟ್ ತೆಗೆದಿಟ್ಟೆ. ಸಿಯಾಟಲಿನ ಚಳಿಗೆ ಜಾಕೆಟ್ ಬೇಕು, ಉಪ್ಪಿನಕಾಯಿ ಅಲ್ಲ ಎಂದು ಅತ್ತಿಗೆ ಬಡಕೊಂಡರೂ ನೀನು ಕೇಳಲಿಲ್ಲ. ಆ ಜಾಕೆಟ್ ಈಗ ಆಯಿಯ ಮೈಮೇಲಿದೆ. ಬೆಳಗಿನ ಇಬ್ಬನಿಗೆ ಸೀರೆಯ ಮೇಲೆ ಅದನ್ನು ಹಾಕಿಕೊಂಡು ಬಚ್ಚಲ ಒಲೆಯ ಮುಂದೆ ಕೂರುತ್ತಾಳೆ. ತೋಳು ಉದ್ದ, ಎರಡು ಮಡಿಕೆ ಮಡಚಿದ್ದಾಳೆ. ಪಾರ್ಸೆಲ್ ಮಾಡಲೇ ಎಂದು ಕೇಳಿದೆ. ಕೇಳಿಸದವಳ ಹಾಗೆ ಬೆಂಕಿ ಊದಿದಳು. ಕೆಪ್ಪಜೋಗಕ್ಕೆ ಹೋದವರು ನಾವು, ಕೆಪ್ಪಾದದ್ದು ಅವಳು.

ಇವತ್ತು ಟಿಎಸ್ಎಸ್ ಸೊಸೈಟಿಗೆ ಅಡಿಕೆ ಕಳಿಸುವುದಿತ್ತು. ಲೆಕ್ಕದ ಪುಸ್ತಕ ತೆಗೆದೆ. ರಾಶಿ ಅಡಿಕೆ ಇಷ್ಟು ಚೀಲ, ಚಾಲಿ ಇಷ್ಟು ಚೀಲ, ಅದರ ಕೆಳಗೆ ನನ್ನದೇ ಅಕ್ಷರದಲ್ಲಿ: ‘ತಂಗಿ – 4 ಚೀಲ, 91 ಕೆ.ಜಿ. 600 ಗ್ರಾಂ.’ ಅಂದು ತೂಗಿದ ಗಡಿಬಿಡಿಯಲ್ಲಿ ಅಭ್ಯಾಸಬಲದಿಂದ ಬರೆದುಬಿಟ್ಟಿದ್ದೇನೆ. ಹೊಡೆದುಹಾಕಲು ಪೆನ್ನು ತೆಗೆದೆ, ಮತ್ತೆ ಮುಚ್ಚಿಟ್ಟೆ. ವರ್ಷದ ಕೊನೆಗೆ ಕೂಡಿಸುವಾಗ ಲೆಕ್ಕ ಅಷ್ಟು ಹೆಚ್ಚು ಬರುತ್ತದೆ. ಬರಲಿ.

ಭಾವನನ್ನು ಕೇಳಿದೆ ಅನ್ನು. ಬೆರಳಿನ ಗಾಯಕ್ಕೆ ನೀರು ತಾಗಿಸಬೇಡ.

ನಿನ್ನ
ಅಣ್ಣ