ಸ್ಕೂಟರುಗಳ ಜಾತ್ರೆ

ವಯಸ್ಸಾದ ತಂದೆತಾಯಿಗಳನ್ನು ಮಕ್ಕಳು ಸಾಮಾನ್ಯವಾಗಿ ಎರಡೇ ಕಡೆಗೆ ಕರೆದೊಯ್ಯುತ್ತಾರೆ. ಒಂದು ದೇವಸ್ಥಾನ, ಇನ್ನೊಂದು ಡಾಕ್ಟರ ಮನೆ. ಆದ್ದರಿಂದ ೨೦೧೯ರ ಆಗಸ್ಟಿನಲ್ಲಿ, ಇಂಗ್ಲೆಂಡಿನ ಪೋರ್ಟ್ಸ್‌ಮತ್ ಊರಿನಲ್ಲಿರುವ ನನ್ನ ಮಗ, "ಅಪ್ಪ, ಈ ಶನಿವಾರ ಭಾನುವಾರ ಎಲ್ಲರೂ ಒಂದು ಜಾತ್ರೆಗೆ ಹೋಗಿಬರೋಣ" ಎಂದಾಗ ನಮ್ಮಾಕೆ, "ಯಾವ ದೇವರದೋ?" ಎಂದು ಕೇಳಿದ್ದು ಸಹಜವೇ ಆಗಿತ್ತು.

"ದೇವರದಲ್ಲಮ್ಮ, ಸ್ಕೂಟರಿನದು."

ನಮ್ಮಾಕೆ ನನ್ನ ಮುಖ ನೋಡಿದಳು. ನಾನು ಕನ್ನಡಕ ಒರೆಸಿಕೊಂಡೆ. ಸ್ಕೂಟರಿನ ಮಾತು ನಮ್ಮ ಮನೆಯಲ್ಲಿ ಬಹಳ ವರ್ಷಗಳಿಂದ ಯಾರೂ ಎತ್ತಿರಲಿಲ್ಲ.

ಪೋರ್ಟ್ಸ್‌ಮತ್‌ಗೆ ಎದುರಾಗಿ ಸಮುದ್ರದಲ್ಲಿ ವೈಟ್ ದ್ವೀಪವಿದೆ. ಆಗಸ್ಟಿನ ಕಡೆಯ ಸೋಮವಾರ ಇಂಗ್ಲೆಂಡಿನಲ್ಲಿ ರಜ. ಆ ಮೂರು ದಿನ ಒಟ್ಟಿಗೆ ಸಿಕ್ಕುವ ಬಿಡುವಿನಲ್ಲಿ ದೇಶದ ಮೂಲೆಮೂಲೆಗಳಿಂದ ಸ್ಕೂಟರುಗಳು ಹೊರಟು, ಹಡಗು ಹತ್ತಿ, ದ್ವೀಪದ ರೈಡ್ ಎಂಬ ಊರನ್ನು ಸೇರುತ್ತವೆ. ಹಡಗಿನ ದಾರಿ ಮುಕ್ಕಾಲು ಗಂಟೆಯದು. ನಾವು ಕಾರಿನಲ್ಲಿ ಕುಳಿತು ಹಡಗಿನ ಹೊಟ್ಟೆಯೊಳಗೆ ಹೋದಾಗ ನಮ್ಮ ಸುತ್ತ ಸ್ಕೂಟರುಗಳು ಸಾಲಾಗಿ ನಿಂತಿದ್ದವು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಸುಟ್ಟ ಆ ನೀಲಿ ಹೊಗೆಯ ವಾಸನೆ! ಇಪ್ಪತ್ತು ವರ್ಷದ ಮೇಲೆ ಮೂಗಿಗೆ ಬಿತ್ತು. ಸೊಸೆ ಕರವಸ್ತ್ರ ಹಿಡಿದಳು. ನಾನು ಯಾರಿಗೂ ಕಾಣದಂತೆ ಇನ್ನೊಂದು ಸಲ ಉಸಿರೆಳೆದುಕೊಂಡೆ.

ರೈಡಿನ ಕಡಲ ದಂಡೆಯ ರಸ್ತೆಯನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮ ಕಡೆಯ ಸಂಕ್ರಾಂತಿ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಟೇಪು ಕಟ್ಟಿ, ಕೊರಳಿಗೆ ಗೆಜ್ಜೆ ಹಾಕಿ ಊರ ಮುಂದೆ ನಿಲ್ಲಿಸುತ್ತಾರಲ್ಲ, ಹಾಗೆ ನಿಲ್ಲಿಸಿದ್ದರು ಸ್ಕೂಟರುಗಳನ್ನು. ಬಗೆಬಗೆಯ ಬಣ್ಣ, ಬೆಳ್ಳಿಯಂತೆ ಹೊಳೆಯುವ ಕಂಬಿ, ಹಿಂದೆ ನರಿಬಾಲದಂತಹ ಕುಚ್ಚು. ಕೆಲವಕ್ಕೆ ಮುಂದುಗಡೆ ಕೊಂಬೆಗಳಂತೆ ಚಾಚಿದ ಸರಳುಗಳ ತುಂಬ ಕನ್ನಡಿಗಳು. ಮೊಮ್ಮಗಳು ಒಂದಕ್ಕೆ ಇಪ್ಪತ್ತೆರಡು ಎಣಿಸಿದಳು.

"ಹಿಂದೆ ಬರುವವರ ಮೇಲೆ ಇಷ್ಟೊಂದು ಅನುಮಾನವೇ ಇವರಿಗೆ?" ಎಂದಳು ನಮ್ಮಾಕೆ.

ಆ ಕನ್ನಡಿಗಳಿಗೂ ಒಂದು ಪುರಾಣವಿದೆ. ೧೯೬೦ರ ಸುಮಾರಿಗೆ ಇಂಗ್ಲೆಂಡಿನಲ್ಲಿ 'ಮಾಡ್' ಎನ್ನಿಸಿಕೊಂಡ ಹುಡುಗರ ಒಂದು ಪಂಥ ಹುಟ್ಟಿತು. ವಾರವೆಲ್ಲ ದುಡಿದು, ಸಂಬಳದ ಹಣವನ್ನು ಒಳ್ಳೆಯ ಸೂಟಿಗೂ ಇಟಲಿಯ ಸ್ಕೂಟರಿಗೂ ಸುರಿದು, ಅದಕ್ಕೆ ದೀಪ ಕನ್ನಡಿ ಸಿಕ್ಕಿಸಿ, ಸೂಟು ಕೊಳೆಯಾಗದಿರಲೆಂದು ಮೇಲೆ ಅಮೆರಿಕದ ಸೈನಿಕರ ಉದ್ದ ಕೋಟು ಹಾಕಿಕೊಂಡು, ಇವರು ಸಮುದ್ರತೀರಕ್ಕೆ ದಂಡೆತ್ತಿ ಹೋಗುತ್ತಿದ್ದರು. ಮೋಟಾರ್ ಸೈಕಲ್ಲಿನ ಚರ್ಮದ ಕೋಟಿನವರು ಇವರ ಬದ್ಧವೈರಿಗಳು. ೧೯೬೪ರಲ್ಲಿ ಕ್ಲಾಕ್ಟನ್, ಬ್ರೈಟನ್ ಮೊದಲಾದ ಕಡಲೂರುಗಳಲ್ಲಿ ಎರಡು ಗುಂಪಿಗೂ ಹೊಡೆದಾಟವಾಗಿ, ಪತ್ರಿಕೆಗಳು ದೇಶವೇ ಮುಳುಗಿತೆಂಬಂತೆ ಬರೆದುವು. ದೇಶ ಮುಳುಗಲಿಲ್ಲ. ಆ ಹುಡುಗರಿಗೆ ವಯಸ್ಸಾಯಿತು, ಅಷ್ಟೆ. ೧೯೭೯ರಲ್ಲಿ 'ಕ್ವಾಡ್ರೊಫೀನಿಯಾ' ಎಂಬ ಚಲನಚಿತ್ರ ಆ ಕಥೆಯನ್ನು ತೋರಿಸಿದಮೇಲೆ ಇನ್ನೊಂದು ತಲೆಮಾರು ಸ್ಕೂಟರು ಹತ್ತಿತು. ಈಗ ರೈಡಿನಲ್ಲಿ ನಾನು ಕಂಡವರಲ್ಲಿ ಬಹುಮಂದಿ ಬೊಕ್ಕತಲೆಯವರು, ಮೊಮ್ಮಕ್ಕಳಿಗೆ ಐಸ್‌ಕ್ರೀಮು ಕೊಡಿಸುವವರು. ಅಂದಿನ ಹೊಡೆದಾಟದ ಬದಲು ಈಗ ಮಂಡಿನೋವಿನ ಮಾತು.

ನಮಗೆ ಸ್ಕೂಟರೆಂದರೆ ಬೇರೆ. ಯುದ್ಧ ಮುಗಿದು, ವಿಮಾನದ ಕಾರ್ಖಾನೆಗೆ ಕೆಲಸವಿಲ್ಲದಾದಾಗ, ಕೊರ್ರಾದೀನೊ ದಸ್ಕಾನಿಯೊ ಎಂಬ ವಿಮಾನದ ಎಂಜಿನಿಯರು ೧೯೪೬ರಲ್ಲಿ ಇಟಲಿಯಲ್ಲಿ 'ವೆಸ್ಪಾ' ರಚಿಸಿದ. ಅವರ ಭಾಷೆಯಲ್ಲಿ ವೆಸ್ಪಾ ಎಂದರೆ ಕಣಜ. ಮರುವರ್ಷ ಮಿಲಾನಿನಿಂದ 'ಲ್ಯಾಂಬ್ರೆಟಾ' ಬಂತು. ಬಟ್ಟೆಗೆ ಎಣ್ಣೆ ತಾಗದಿರಲಿ, ಲಂಗದ ಹೆಂಗಸರೂ ಕೂಡಬಹುದಾಗಲಿ ಎಂದು ಕಾಲಿಡಲು ಮುಂದೆ ಬಯಲು ಬಿಟ್ಟರು. ಆ ಬಯಲಿನಲ್ಲಿ ಒಂದು ಗ್ಯಾಸ್ ಸಿಲಿಂಡರು, ಅಥವಾ ಅರ್ಧ ಮೂಟೆ ಅಕ್ಕಿ, ಅಥವಾ ನಾಲ್ಕು ವರ್ಷದ ಒಬ್ಬ ಹುಡುಗ ಹಿಡಿಸಬಹುದೆಂಬುದನ್ನು ಕಂಡುಹಿಡಿದವರು ನಾವು.

ನಾನು ೧೯೮೧ರಲ್ಲಿ ಕೊಂಡದ್ದು ವಿಜಯ್ ಸೂಪರ್. ಬಜಾಜಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ತಿಳಿನೀಲಿ ಬಣ್ಣ. ಮುಂದೆ ಮಗ ಹ್ಯಾಂಡಲ್ ಹಿಡಿದು ನಿಲ್ಲುವನು, ಹಿಂದೆ ನಮ್ಮಾಕೆ ಒಂದೇ ಪಕ್ಕಕ್ಕೆ ಕಾಲುಬಿಟ್ಟು ಕೂಡುವಳು, ಅವಳ ತೊಡೆಯ ಮೇಲೆ ಮಗಳು, ಕೊಕ್ಕೆಯಲ್ಲಿ ತರಕಾರಿ ಚೀಲ. ಹೀಗೆ ಸಂಸಾರ ಸಮೇತ ಸರಸ್ವತಿಪುರದಿಂದ ದೇವರಾಜ ಮಾರುಕಟ್ಟೆಗೆ ಹೋಗಿಬರುತ್ತಿದ್ದೆವು. ಚಳಿಯ ಬೆಳಗು ಅದು ಸುಲಭವಾಗಿ ಎದ್ದೇಳುತ್ತಿರಲಿಲ್ಲ. ಅದನ್ನು ನಮ್ಮ ಕಡೆಗೆ ವಾಲಿಸಿ, ಎಂಟು ಎಣಿಸಿ, ನೆಟ್ಟಗೆ ನಿಲ್ಲಿಸಿ ಒದೆಯಬೇಕು. ವಾಲಿಸುವ ಮೊದಲು ಸುತ್ತಮುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿಕೊಳ್ಳುವುದೂ ವಿಧಿಯ ಒಂದಂಗ.

ಮಗ ಕಾಲೇಜು ಸೇರಿದ್ದು ೧೯೯೬ರಲ್ಲಿ. ಅವನ ಗೆಳೆಯರ ಮನೆಗಳಿಗೆ ಹೊಸ ಹೊಸ ಮೋಟಾರ್ ಬೈಕುಗಳು ಬಂದಿದ್ದವು. ನಮ್ಮ ವಿಜಯ್ ಸೂಪರಿಗೆ ಆಗ ಹದಿನೈದು. ಹೊಗೆ ಹೆಚ್ಚಾಗಿತ್ತು, ಪಕ್ಕದ ಡಬ್ಬ ಹಗ್ಗದ ಕಟ್ಟಿನಲ್ಲಿತ್ತು. ಮೊದಲ ದಿನ ಕಾಲೇಜಿಗೆ ಒಂದು ಫರ್ಲಾಂಗು ಇರುವಾಗ, ಹುಣಸೆಮರದ ತಿರುವಿನಲ್ಲಿ, "ಇಲ್ಲೇ ಇಳಿಸಿಬಿಡಿ ಅಪ್ಪ, ಸ್ನೇಹಿತ ಸಿಕ್ತಾನೆ" ಎಂದ. ಎರಡನೆಯ ದಿನವೂ ಹಾಗೆಯೇ ಅಂದ. ಸ್ನೇಹಿತನಾರೂ ನನ್ನ ಕಣ್ಣಿಗೆ ಬೀಳಲಿಲ್ಲ. ಮೂರನೆಯ ದಿನ ಅವನು ಬಾಯಿ ತೆರೆಯುವ ಮೊದಲೇ ನಾನು ಮರದಡಿಯಲ್ಲಿ ನಿಲ್ಲಿಸಿದೆ. ಆಮೇಲೆ ಎರಡು ವರ್ಷ ಅದೇ ನಮ್ಮ ನಿಲ್ದಾಣವಾಯಿತು. ಅವನೂ ಏನೂ ಹೇಳಲಿಲ್ಲ, ನಾನೂ ಏನೂ ಕೇಳಲಿಲ್ಲ. ೧೯೯೯ರಲ್ಲಿ ಗುಜರಿಯವನು ಸಾವಿರದೆಂಟುನೂರು ರೂಪಾಯಿ ಕೊಟ್ಟು ಗಾಡಿಯನ್ನು ಕೊಂಡುಹೋದ. ಆ ದಿನ ಮಗ ಮನೆಯಲ್ಲಿರಲಿಲ್ಲ.

ರೈಡಿನ ದಂಡೆಯಲ್ಲಿ ಸಾಲಿನ ಕೊನೆಗೆ ಬರುವಾಗ ನನ್ನ ಕಾಲು ತಾನಾಗಿ ನಿಂತಿತು. ತಿಳಿನೀಲಿಯ ಒಂದು ಲ್ಯಾಂಬ್ರೆಟಾ. ಹಿಂದೆ ಸ್ಟೆಪ್ನಿ. ಅದರ ಯಜಮಾನ, ಅರವತ್ತರ ಆಸುಪಾಸಿನ ನಲ್ಲಿ ರಿಪೇರಿಯವನು, ಮಡಿಸುವ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದ. ನಾನು ಸ್ಟೆಪ್ನಿ ಎಂದದ್ದು ಅವನಿಗೆ ತಿಳಿಯಲಿಲ್ಲ. ಹೆಚ್ಚಿನ ಚಕ್ರಕ್ಕೆ ಆ ಹೆಸರು ಬಂದದ್ದು ಅವರ ವೇಲ್ಸಿನಿಂದಲೇ. ಲನೆಥ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ೧೯೦೪ರ ಸುಮಾರಿಗೆ ಅಂಥ ಚಕ್ರ ಹುಟ್ಟಿತು. ಅವರು ಹೆಸರನ್ನು ಮರೆತರು, ನಾವು ಇಟ್ಟುಕೊಂಡೆವು.

"ಇದು ಇಟಲಿಯದಲ್ಲ," ಎಂದ ಆತ, ಸ್ವಲ್ಪ ಸಂಕೋಚದಿಂದ. "ನಿಮ್ಮ ದೇಶದ್ದೇ." ಇಟಲಿಯವರು ೧೯೭೧ರಲ್ಲಿ ಲ್ಯಾಂಬ್ರೆಟಾ ನಿಲ್ಲಿಸಿದಾಗ ನಮ್ಮ ಸರಕಾರ ಆ ಯಂತ್ರಗಳನ್ನೆಲ್ಲ ಕೊಂಡು ಲಖನೌಗೆ ತಂದಿತ್ತು. ಅಲ್ಲಿ ೧೯೭೨ರಲ್ಲಿ ಸ್ಥಾಪನೆಯಾದ ಸ್ಕೂಟರ್ಸ್ ಇಂಡಿಯಾ, ನಮಗೆ ವಿಜಯ್ ಸೂಪರ್ ಮಾಡಿಕೊಟ್ಟಿತು, ಹೊರದೇಶಗಳಿಗೆ ಲ್ಯಾಂಬ್ರೆಟಾ ಕಳಿಸಿತು. ಅಂತೂ ನನ್ನ ಗಾಡಿಯ ಒಡಹುಟ್ಟು ಇದು. ನನ್ನದನ್ನು ಎಷ್ಟಕ್ಕೆ ಮಾರಿದೆನೆಂದು ಕೇಳಿದ. ಮಗ ಲೆಕ್ಕಹಾಕಿ, "ಈಗಿನ ಲೆಕ್ಕದಲ್ಲಿ ಇಪ್ಪತ್ತು ಪೌಂಡು" ಎಂದ. ಪಾಪ, ಆತ ಟೀ ಲೋಟ ಕೆಳಗಿಟ್ಟು ತಲೆಗೆ ಕೈಹಚ್ಚಿಕೊಂಡ.

ಆಮೇಲೆ, "ಸ್ಟಾರ್ಟು ಮಾಡಿ ನೋಡುತ್ತೀರಾ?" ಎಂದ. ನನಗೆ ಎಪ್ಪತ್ತು ದಾಟಿತ್ತು. ಸೊಸೆ ಬೇಡವೆಂದಳು. ನಾನು ಹತ್ತಿರ ಹೋದೆ. ಆಗಸ್ಟಿನ ಬಿಸಿಲು ಸುಡುತ್ತಿತ್ತು, ವಾಲಿಸುವ ಅಗತ್ಯವೇ ಇರಲಿಲ್ಲ. ಆದರೂ ಕೈ ಕೇಳಬೇಕಲ್ಲ! ಸುತ್ತ ನೋಡಿಕೊಂಡು ನನ್ನ ಕಡೆಗೆ ವಾಲಿಸಿದೆ. ಎಣಿಸಲು ಹೊರಡುವಷ್ಟರಲ್ಲಿ ಹಿಂದಿನಿಂದ, "ಒಂದು, ಎರಡು, ಮೂರು" ಎಂದು ಎಣಿಸುವ ದನಿ ಕೇಳಿಸಿತು. ನನ್ನ ಮಗ! ಎಂಟಕ್ಕೆ ನೆಟ್ಟಗೆ ನಿಲ್ಲಿಸಿ ಒದ್ದೆ. ಎರಡನೆಯ ಒದೆತಕ್ಕೆ ಎದ್ದಿತು. ಮೊಮ್ಮಗಳು ಓಡಿಬಂದು ಕೇಳದೆಯೇ ಮುಂದಿನ ಬಯಲಿನಲ್ಲಿ ನಿಂತು ಹ್ಯಾಂಡಲ್ ಹಿಡಿದಳು. ಅವಳಿಗೆ ಅದನ್ನು ಯಾರೂ ಕಲಿಸಿರಲಿಲ್ಲ.

ಸಂಜೆ ಹಾಡು ಕುಣಿತ. ಒಂದು ತಂಡ ಜಮೈಕಾದ 'ಸ್ಕಾ' ನುಡಿಸಿತು. ಗಿಟಾರು ತಾಳದ ಎಡೆಯಲ್ಲಿ ಬಿಕ್ಕಳಿಸಿದ ಹಾಗೆ ಕೇಳುವ ಸಂಗೀತ ಅದು. ಆಮೇಲೆ 'ನಾರ್ದರ್ನ್ ಸೋಲ್'. ಅಮೆರಿಕದ ನೀಗ್ರೋ ಎಂದು ಆಗ ಕರೆಯಲಾಗುತ್ತಿದ್ದ ಕಪ್ಪುಜನರು ೧೯೬೦ರ ದಶಕದಲ್ಲಿ ಹಾಡಿದ, ತಮ್ಮ ದೇಶದಲ್ಲಿ ಮಾರಾಟವಾಗದೆ ಮೂಲೆಗೆ ಬಿದ್ದಿದ್ದ ರೆಕಾರ್ಡುಗಳನ್ನು ಇಂಗ್ಲೆಂಡಿನ ಉತ್ತರದ ಕಾರ್ಖಾನೆ ಊರುಗಳ ಹುಡುಗರು ಹುಡುಕಿ ತಂದು ರಾತ್ರಿಯೆಲ್ಲ ಕುಣಿದರು. ಆ ಹಾಡುಗಳಿಗೆ ಹೀಗೆ ಎರಡನೆಯ ಜನ್ಮ ಬಂತು. ಕೇರಂ ಬೋರ್ಡಿಗೆ ಹಾಕುವಂತೆ ನೆಲಕ್ಕೆ ಪೌಡರು ಉದುರಿಸಿ ಜಾರಿ ಜಾರಿ ಕುಣಿಯುತ್ತಾರೆ. ಅರವತ್ತರ ಮುದುಕರು ಗಿರ್ರನೆ ತಿರುಗುವುದನ್ನು ಕಂಡು ನಮ್ಮಾಕೆ ತಂದಿದ್ದ ಪುಳಿಯೋಗರೆಯನ್ನು ಬಿಚ್ಚುವುದನ್ನೇ ಮರೆತಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇನ್ನೊಬ್ಬರ ಹಿತ್ತಲಿನಲ್ಲಿ ಬೆಳೆದಾಗ ಮಾತ್ರ ಅದು ಮದ್ದೆಂದು ಕಾಣುತ್ತದೆಯೋ ಏನೋ.

ಭಾನುವಾರ ಸಾವಿರಾರು ಸ್ಕೂಟರುಗಳ ಮೆರವಣಿಗೆಯನ್ನು ನೋಡಿ ರಾತ್ರಿ ಹಡಗಿನಲ್ಲಿ ಹಿಂದಿರುಗಿದೆವು. ಮೊಮ್ಮಗಳು ಅಜ್ಜಿಯ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಮೇಲಿನ ಅಟ್ಟದಲ್ಲಿ ಗಾಳಿಗೆ ನಿಂತಿದ್ದೆವು. ಮಗ ದೂರದ ದೀಪಗಳನ್ನೇ ನೋಡುತ್ತ ಮೆಲ್ಲಗೆ ಹೇಳಿದ:

"ಅಪ್ಪ, ಮೂರನೇ ದಿನ ನಾನು ಏನೂ ಹೇಳಿರಲಿಲ್ಲ. ನೀವೇ ನಿಲ್ಲಿಸಿಬಿಟ್ರಿ."

ಯಾವ ಮೂರನೆಯ ದಿನ ಎಂದು ನಾನು ಕೇಳಲಿಲ್ಲ.

"ಅಲ್ಲಿಂದ ಮುಂದೆ ಏರಲ್ಲವೇನೋ, ಹಳೇ ಗಾಡಿಗೆ ತ್ರಾಸವಾಗುತ್ತೆ ಅಂತ ನಿಲ್ಲಿಸ್ತಿದ್ದೆ" ಎಂದೆ.

ಮಗ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಹಡಗಿನ ಸದ್ದಷ್ಟೇ. ಆಗ ಬೆಂಚಿನ ಕಡೆಯಿಂದ, ನಿದ್ದೆಯಲ್ಲಿದ್ದಾಳೆಂದು ನಾನು ತಿಳಿದಿದ್ದ ನಮ್ಮಾಕೆಯ ದನಿ ಬಂತು:

"ಅಲ್ಲಾರೀ, ಆ ರಸ್ತೇಲಿ ಏರು ಎಲ್ಲಿತ್ತು?"