ಖಾಲಿ ಹೊಟ್ಟೆಯ ಬೆಳಗುಗಳು

ಬಸವನಗುಡಿಯಲ್ಲಿ ಬೆಳಗ್ಗೆ ಎಂಟು ಗಂಟೆಗೆ ಖಾಲಿ ಹೊಟ್ಟೆಯಲ್ಲಿ ಓಡಾಡುವುದು ಸಣ್ಣ ತಪಸ್ಸಲ್ಲ. ಗಾಂಧಿಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನದ ಮುಂದೆ ಆಗಲೇ ಜನ ಕಾದಿರುತ್ತಾರೆ; ಕೆಂಪಗೆ ಬೆಂದ ದೋಸೆಯ ಘಮ ರಸ್ತೆಯ ಈಚೆಗೂ ಬರುತ್ತದೆ. ಅದನ್ನು ದಾಟಿಕೊಂಡು ಅತ್ತಿಗೆಯೂ ನಾನೂ ಶಂಕರಪುರದ ಕಡೆಗೆ ಹೋಗುತ್ತಿದ್ದೆವು. ಅಲ್ಲಿ ಶಂಕರಮಠದ ಆವರಣದಲ್ಲೇ ಕ್ಯಾನ್ಸರ್ ಆಸ್ಪತ್ರೆಯಿದೆ. ಅತ್ತಿಗೆಯ ಜಠರಕ್ಕೆ ರೇಡಿಯೇಷನ್ ನಡೆದಿತ್ತು. ನಮ್ಮ ಹಿರಿಯರು ‘ಕರೆಂಟ್ ಕೊಡಿಸೋದು’ ಅನ್ನುತ್ತಾರೆ.

ಈ ಉಪವಾಸ ವ್ರತದ್ದಲ್ಲ, ಚಿಕಿತ್ಸೆಯದೇ. ತಿಂದರೆ ಜಠರ ಹಿಗ್ಗುತ್ತದೆ, ಜಾಗ ಬದಲಿಸುತ್ತದೆ. ಸ್ಕ್ಯಾನ್ ಮಾಡಿ ಮೈಮೇಲೆ ಗುರುತು ಹಾಕಿದ ದಿನ ಎಷ್ಟಿತ್ತೋ ದಿನವೂ ಅಷ್ಟೇ ಇದ್ದರೆ ಕಿರಣ ಗುರಿ ತಪ್ಪದು; ಮಗ್ಗುಲಲ್ಲೇ ಇರುವ ಎಡ ಮೂತ್ರಪಿಂಡಕ್ಕೆ, ಲಿವರ್‌ಗೆ ಪೆಟ್ಟು ಕಡಿಮೆ. ಉಸಿರಿನ ಜೊತೆಗೂ ಜಠರ ಅಲುಗುತ್ತದಲ್ಲ, ಆ ಅಲುಗಾಟಕ್ಕೂ ಲೆಕ್ಕ ಇಟ್ಟಿರುತ್ತಾರೆ.

ಕಾಯಿಲೆ ಮಾಲ್ಟ್ ಲಿಂಫೋಮಾ, ದುಗ್ಧಕಣಗಳ ಕ್ಯಾನ್ಸರ್; ಅಪರೂಪದ್ದು, ನಿಧಾನದ್ದು. 1983ರಲ್ಲಿ ಐಸಾಕ್ಸನ್ ಮತ್ತು ರೈಟ್ ಎಂಬ ಇಬ್ಬರು ವೈದ್ಯರು ಇದನ್ನು ಮೊದಲು ಬೇರೆಯಾಗಿ ಗುರುತಿಸಿದರು. ಇದರ ಕತೆ ಕೇಳಿದಾಗಿನಿಂದ ನನಗೆ ಬೆರಗು ಬಿಟ್ಟಿಲ್ಲ. ಆರೋಗ್ಯವಂತ ಜಠರದ ಗೋಡೆಯಲ್ಲಿ ಇಂಥ ದುಗ್ಧಕಣಗಳ ಗುಂಪು ಇರುವುದೇ ಇಲ್ಲವಂತೆ. ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಬೀಡುಬಿಟ್ಟಾಗ ಅದರ ವಿರುದ್ಧ ಹೋರಾಡಲು ಬಂದ ಕಣಗಳು ಅಲ್ಲೇ ನೆಲೆಸುತ್ತವೆ. ಕೊನೆಗೆ ಅವುಗಳದೇ ಒಂದು ಕುಲ ಹತೋಟಿ ತಪ್ಪುತ್ತದೆ. ಹೊಟ್ಟೆಹುಣ್ಣಿಗೂ ಈ ಜೀವಿಯೇ ಕಾರಣವೆಂದು ತೋರಿಸಲು ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ತಾನೇ ಕುಡಿದ. 2005ರಲ್ಲಿ ರಾಬಿನ್ ವಾರನ್ ಜೊತೆ ನೊಬೆಲ್ ಪಡೆದ. ಮೂಲ ಆ ಬ್ಯಾಕ್ಟೀರಿಯಾವೇ ಆದ್ದರಿಂದ ಈ ಕ್ಯಾನ್ಸರಿಗೆ ಮೊದಲ ಮದ್ದು ಎರಡು ವಾರದ ಆಂಟಿಬಯಾಟಿಕ್ ಮಾತ್ರೆ. ಬಹಳ ಮಂದಿಗೆ ಅಷ್ಟೇ ಸಾಕು! ಅತ್ತಿಗೆಯ ಬಯಾಪ್ಸಿಯಲ್ಲಿ ಆ ಬ್ಯಾಕ್ಟೀರಿಯಾ ಇರಲಿಲ್ಲ. ಆದ್ದರಿಂದ ಕಿರಣ. ಎಷ್ಟೋ ಗಡ್ಡೆಗಳಿಗೆ 60, 70 ಗ್ರೇ (ಕಿರಣದ ಅಳತೆ) ಕೊಡಬೇಕಾದಲ್ಲಿ ಇದಕ್ಕೆ 24ರಿಂದ 30 ಗ್ರೇ ಸಾಕು. ವಾರಕ್ಕೆ ಐದು ದಿನ, ದಿನಕ್ಕಿಷ್ಟೆಂದು ಹಂಚಿ ಕೊಡುತ್ತಾರೆ. ಯಂತ್ರಕ್ಕೆ ಶನಿವಾರ ಭಾನುವಾರ ರಜಾ, ವಿದ್ಯಾರ್ಥಿ ಭವನಕ್ಕೆ ಶುಕ್ರವಾರ.

ಕ್ಯಾನ್ಸರ್ ಎಂದೊಡನೆ ಎಲ್ಲವನ್ನೂ ಒಂದೇ ಮೂಟೆಗೆ ತುಂಬಿ ಹೆದರುತ್ತೇವೆ. ಇಂಥದ್ದೂ ಒಂದಿದೆ ಎಂದು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಬೇಕು ಅನ್ನಿಸುತ್ತದೆ.

ಆದರೆ ಬೀದಿಯಲ್ಲಿ ಸಿಕ್ಕವರು ಕೇಳುತ್ತಿದ್ದುದು ಒಂದೇ: “ತಿಂಡಿ ಆಯ್ತಾ?” ನಮ್ಮ ಕಡೆ ಅಕ್ಕರೆಗೆ ಬೇರೆ ಭಾಷೆ ಗೊತ್ತಿಲ್ಲ. ಕಾಯಿಲೆ ಬಿದ್ದವರಿಗೆ ಸಾರನ್ನ, ಮೆಣಸಿನ ಪೊಂಗಲು, ಕೊನೆಗೆ ಒಂದು ಲೋಟ ಹಾರ್ಲಿಕ್ಸ್. ಅಂಥ ಮನೆಯಲ್ಲಿ ಒಬ್ಬರನ್ನು ಹಸಿದಿರಲು ಬಿಡುವುದೇ ಉಪಚಾರ ಎಂದಾಗ ಅಣ್ಣನಿಗೆ ಕೈಕಾಲು ಆಡಲಿಲ್ಲ. ಅತ್ತಿಗೆ ವಾಪಸು ಬರುವತನಕ ಒಲೆ ಹಚ್ಚುವುದನ್ನೇ ನಿಲ್ಲಿಸಿದ. ಮೂರನೆಯ ದಿನ ಅತ್ತಿಗೆಯೇ ಗದರಿದರು: “ಒಗ್ಗರಣೆ ಹಾಕ್ರೀ. ಇಂಗಿನ ವಾಸನೆ ಇಲ್ದಿದ್ರೆ ಇದು ಮನೆ ಅನ್ಸಲ್ಲ.”

ವಾಕರಿಕೆ ಬರುತ್ತಿತ್ತು. ಅದಕ್ಕೆ ಯಂತ್ರದ ಮೇಲೆ ಮಲಗುವ ಮೊದಲೇ ಮಾತ್ರೆ. ಮನೆಗೆ ಬಂದ ಮೇಲೆ ಗಂಜಿ, ಅರ್ಧ ತಾಸು ಬಿಟ್ಟು ಇನ್ನಷ್ಟು ಗಂಜಿ. ಅಣ್ಣ ಪಕ್ಕದಲ್ಲಿ ಕೂತು ಚಮಚ ಎಣಿಸುತ್ತಿದ್ದ.

ಈಗ ಚಿಕಿತ್ಸೆ ಮುಗಿದಿದೆ. ಕ್ಯಾನ್ಸರಿನ ಕಣಗಳು ಒಮ್ಮೆಗೇ ಹೋಗುವುದಿಲ್ಲ. ತಿಂಗಳುಗಟ್ಟಲೆ ತೆಗೆದುಕೊಂಡು ಕರಗುತ್ತವೆ, ನಡುನಡುವೆ ಎಂಡೋಸ್ಕೋಪಿ ಮಾಡಿ ನೋಡುತ್ತಿರಬೇಕು. ಕಾರ್ತಿಕದ ಕೊನೆಯ ಸೋಮವಾರ ದೊಡ್ಡಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ. ಬೇಯಿಸಿದ ಕಾಯಿ ತಿನ್ನಬಹುದೇ ಎಂದು ಅತ್ತಿಗೆ ಡಾಕ್ಟರರನ್ನು ಕೇಳಿದ್ದಾರೆ. ಸ್ವಲ್ಪ, ಚೆನ್ನಾಗಿ ಅಗಿದು ಎಂದರಂತೆ.