ಚಾರ್ಟು ನೋಡುವ ಚಟ

ಷೇರು ಕೊಳ್ಳುವುದಕ್ಕಿಂತ ಅದರ ಚಾರ್ಟು ನೋಡುವುದರಲ್ಲೇ ನನಗೆ ಖುಷಿ ಹೆಚ್ಚು. ಕೊಂಡವರಿಗೆ ರಕ್ತದೊತ್ತಡ, ನೋಡುವವನಿಗೆ ಬರೀ ಮೋಜು. ಬೆಳಿಗ್ಗೆ 9.15ಕ್ಕೆ ತೆರೆದ ಪೇಟೆ ಮಧ್ಯಾಹ್ನ 3.30ಕ್ಕೆ ಮುಚ್ಚುವಷ್ಟರಲ್ಲಿ, ಐದು ನಿಮಿಷಕ್ಕೊಂದರಂತೆ 75 ಕ್ಯಾಂಡಲ್‌ಗಳು ಪರದೆಯ ಮೇಲೆ ಸಾಲುಗಟ್ಟಿರುತ್ತವೆ. ಶುರುವಾದ ಬೆಲೆ, ಮುಗಿದ ಬೆಲೆ, ಏರಿದ್ದೆಷ್ಟು, ಇಳಿದದ್ದೆಷ್ಟು ಎಲ್ಲವೂ ಒಂದು ದಪ್ಪ ಮೈಯಲ್ಲಿ, ಎರಡು ತೆಳು ಗೆರೆಗಳಲ್ಲಿ ಅಡಕ. 18ನೇ ಶತಮಾನದ ಜಪಾನಿನ ಅಕ್ಕಿ ವ್ಯಾಪಾರಿ ಹೊಮ್ಮಾ ಮುನೆಹಿಸಾನ ಹೆಸರಿಗೆ ಈ ವಿದ್ಯೆಯನ್ನು ತಳುಕು ಹಾಕುವುದು ವಾಡಿಕೆ. ಅಕ್ಕಿ ಮಾರುವವರಿಗೆ ಚಿತ್ರಕಲೆ ಯಾಕೆ ಒಲಿಯಬಾರದು?

“ದಿನವಿಡೀ ನೋಡ್ತೀರಲ್ಲ, ಏನಾದ್ರೂ ತಗೊಂಡ್ರಾ?” ಎಂದು ಮನೆಯಾಕೆ ಕೇಳುತ್ತಾಳೆ. ಸಂಗೀತ ಕಛೇರಿಗೆ ಹೋಗಿಬಂದವರನ್ನು ಯಾರೂ ಹೀಗೆ ಕೇಳುವುದಿಲ್ಲ.

ಈ ಸುಖಕ್ಕೆ ಕಲ್ಲು ಬಿದ್ದದ್ದು ಸಾಫ್ಟ್‌ವೇರ್ ಅಪ್‌ಗ್ರೇಡ್ ಆದ ದಿನ. ತೆರೆದು ನೋಡಿದರೆ ಪೇಟೆ ಬೆಳಗಿನ ಜಾವ 3.45ಕ್ಕೇ ಶುರುವಾಗಿದೆ! ಕೋಳಿ ಕೂಗುವ ಮೊದಲೇ ಬ್ಯಾಂಕ್ ಷೇರುಗಳು ಎದ್ದು ಓಡುತ್ತಿವೆ. ಹೊಸ ಆವೃತ್ತಿ ನಮ್ಮ ಗಡಿಯಾರ ಬಿಟ್ಟು ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯವನ್ನು ಹಿಡಿದುಕೊಂಡಿತ್ತು. 2010ರಲ್ಲಿ ಬಂದ ರೂಪಾಯಿ ಚಿಹ್ನೆ ಹೊಸ ಫಾಂಟಿನಲ್ಲಿ ಇಲ್ಲದ್ದರಿಂದ ಬೆಲೆಗಳ ಹಿಂದೆಲ್ಲ ಖಾಲಿ ಚೌಕಗಳು. ಅಕ್ಷರಗಳೂ ಮಂಜು ಮಂಜು. ಪರದೆಯ ಅಳತೆ ಶೇ. 125ಕ್ಕಿದ್ದಾಗ ಸಾಫ್ಟ್‌ವೇರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಚಿಕ್ಕದಾಗಿ ಬರೆದ ಚಿತ್ರವನ್ನು ವಿಂಡೋಸ್ ಎಳೆದು ಹಿಗ್ಗಿಸುತ್ತದೆ. ಈ ಮಸುಕು ಅದರ ಫಲ. ಇವೆಲ್ಲ ಸಣ್ಣಪುಟ್ಟ ರಗಳೆ, ಸೆಟ್ಟಿಂಗ್ಸ್ ತಡಕಾಡಿದರೆ ಸರಿಹೋಗುತ್ತವೆ.

ನನ್ನನ್ನು ಹಿಡಿದು ಕೂರಿಸಿದ್ದು ಸೆನ್ಸೆಕ್ಸ್‌ನ ಹಳೆಯ ಚಾರ್ಟು. ಅದರಲ್ಲಿ 1992 ಮಾಯವಾಗಿತ್ತು. ಹರ್ಷದ್ ಮೆಹ್ತಾನ ಕಾಲದ ಆ ಶಿಖರ, ಸೂಚ್ಯಂಕ 4,400 ದಾಟಿ ಧೊಪ್ಪನೆ ಉರುಳಿದ ಆ ಬೇಸಿಗೆ, ಬುಡದಲ್ಲೆಲ್ಲೋ ಒಂದು ಗಂಟಿನಂತೆ ಮಲಗಿತ್ತು. ಆದದ್ದಿಷ್ಟೆ: ನಾನಿಟ್ಟಿದ್ದ ಲಾಗ್ ಅಳತೆಯನ್ನು ಅಪ್‌ಗ್ರೇಡ್ ಸಾದಾ ಅಳತೆಗೆ ತಿರುಗಿಸಿತ್ತು. ಸಾದಾ ಅಳತೆಗೆ ಎಲ್ಲ ಅಂಶಗಳೂ ಒಂದೇ ಎತ್ತರ. 80,000 ತೋರಿಸಬೇಕಾದ 20 ಸೆಂಟಿಮೀಟರ್ ಚಾರ್ಟಿನಲ್ಲಿ 4,400ಕ್ಕೆ ಸಿಗುವುದು ಒಂದು ಸೆಂಟಿಮೀಟರ್ ಚಿಲ್ಲರೆ. ಲಾಗ್ ಅಳತೆ ಅನುಪಾತ ನೋಡುತ್ತದೆ. 100 ಇನ್ನೂರಾಗುವುದೂ 40,000 ಎಂಬತ್ತು ಸಾವಿರವಾಗುವುದೂ ಅದಕ್ಕೆ ಸಮ.

ಇನ್ನೂ ತಮಾಷೆಯೆಂದರೆ ಸಾದಾ ಅಳತೆಯಲ್ಲಿ 2020ರ ಕೊರೊನಾ ಕುಸಿತ 2008ರದ್ದಕ್ಕಿಂತ ಘೋರವಾಗಿ ಕಾಣುತ್ತದೆ. ಸುಮಾರು 42,000ದಿಂದ 26,000ದ ಕೆಳಕ್ಕೆ ಇಳಿದರೆ ಹದಿನಾರು ಸಾವಿರ ಅಂಶಗಳ ಪ್ರಪಾತ. 2008ರಲ್ಲಿ ಜನವರಿಯ 21,000ದಿಂದ ಅಕ್ಟೋಬರಿನ ಹೊತ್ತಿಗೆ 8,500ರ ಕೆಳಕ್ಕೆ ಬಂದದ್ದು ಅಂಶಗಳ ಲೆಕ್ಕದಲ್ಲಿ ಅದಕ್ಕಿಂತ ಕಡಿಮೆ. ಆದರೆ ಮೊದಲನೆಯದರಲ್ಲಿ ನೂರಕ್ಕೆ ನಲವತ್ತು ಹೋಯಿತು, ಎರಡನೆಯದರಲ್ಲಿ ಅರವತ್ತು. ಆಗ ಉಳಿತಾಯ ಕರಗಿಸಿಕೊಂಡವರಿಗೆ ಚಾರ್ಟು ತೋರಿಸಿ “ಅದು ಅಂಥದ್ದೇನಲ್ಲ” ಎಂದರೆ ಹೊಡೆದಾರು. ಬಹುಪಾಲು ಜನ ಬಂದ ಅಳತೆಯಲ್ಲೇ ನೋಡುತ್ತಾರೆ ಎಂಬುದು ನನಗೆ ಸ್ವಲ್ಪ ದಿಗಿಲಿನ ವಿಷಯವೇ.

ಬಣ್ಣವನ್ನೂ ಬದಲಿಸಿದ್ದರು, ಏರಿಕೆಗೆ ಕೆಂಪು. ಜಪಾನ್, ಚೀನಾಗಳಲ್ಲಿ ಅದೇ ರೂಢಿ. ಕೆಂಪು ಅಲ್ಲಿ ಮಂಗಳಕರ. ಕುಂಕುಮದ ನಾಡಿನಲ್ಲಿ ನಷ್ಟಕ್ಕೆ ಕೆಂಪು ಬಳಿಯುವ ನಾವೇ ವಿಚಿತ್ರ. ಹಾಗಂದುಕೊಂಡೇ ಹಳೆಯ ಹಸಿರನ್ನು ವಾಪಸು ತಂದೆ, ಕಣ್ಣು ಕೇಳಬೇಕಲ್ಲ.

ಉಳಿದಿರುವುದು ಗಂಟೆಯ ಚಾರ್ಟು. ಮೊದಲು 9.15ರಿಂದ ಎಣಿಸಿ ಆರು ಪೂರ್ತಿ ಕ್ಯಾಂಡಲ್ ಬರುತ್ತಿದ್ದವು, ಕೊನೆಗೊಂದು ಕಾಲು ಗಂಟೆಯ ಮರಿ. ಈಗ ಗಡಿಯಾರದ ಗಂಟೆಗೆ ಸರಿಯಾಗಿ ಕತ್ತರಿಸಿ ಮೊದಲನೆಯದನ್ನೇ ಮುಕ್ಕಾಲಾಗಿಸಿದ್ದಾರೆ. ಅದನ್ನು ತಿದ್ದುವ ಗುಂಡಿ ಯಾವ ಮೆನುವಿನಲ್ಲಿ ಅಡಗಿದೆಯೋ! ಶನಿವಾರ, ಭಾನುವಾರ ಹೇಗೂ ಪೇಟೆಗೆ ರಜೆ, ಹುಡುಕುತ್ತೇನೆ.